ಎತ್ತರ ಗಾಡಿಯ ಆವರೇಜ್

ಹೆಸರು ಬರಿಯಬ್ಯಾಡ್ರಿ ಅಂತ ಆತ ಮೊದಲ ಹೇಳಿ ಬಿಟ್ಟಾನ. ಗಾಡಿ ಎತ್ತರ ಮಾಡ್ಸಿದ್ದು ಕಾಯ್ದೆಕ್ಕ ಬರಂಗಿಲ್ಲ, ಆರ್‌ಟಿಓ ಸಾಹೇಬ್ರು ಏನರ ಓದಿದ್ರ ಮಾರಿದ ಗಾಡಿನೂ ಹುಡಿಕ್ಯಾಡಕೋತ ಬರ್ತಾರ ಅಂತ ಆತನ ಹೆದರಿಕಿ. ಸಾಹೇಬ್ರು ನಾ ಬರದದ್ದು ಓದತಾರೋ ಇಲ್ಲೋ ದೇವರಿಗೆ ಗೊತ್ತು. ಆದ್ರೂ ಮಾತು ಕೊಟ್ಟೇನಿ. ಹಿಂಗಾಗಿ ಇಲ್ಲಿ ಆತ ಬರೇ ‘ಆತ’. ಸವಣೂರಿನ ವೀಳ್ಯದೆಲಿ ತ್ವಾಟದವರಿಗೆ, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರ ಸಂತಿಯವರಿಗೆ ಹೆಸರು ಬೇಕಾಗೂದೂ ಇಲ್ಲ. ಸ್ಟೂಲಿಗೆ ಹಗ್ಗ ಕಟ್ಟಿದಾಂವ ಅಂದ್ರ ಸಾಕು, ಎಲ್ಲಾರೂ ನಗತಾರ.

ನಾನು ಶಾಲಿ ಕಲ್ತದ್ದು ನಾಕನೇತ್ತೆ ತನಕ. ಬರಿಯೂದು ನನ್ನ ಕೆಲಸಲ್ಲ. ಆದ್ರ ಈ ವಾರ ಮನಿಯೊಳಗ ಮೊಮ್ಮಗಳು ಅದಾಳ. ಹೊಟ್ಟಿಯೊಳಗಿನ ಸಂತೋಷ ಕೆನಿಗಟ್ಟಿದ ಹಾಲಿನಂಗ ಮ್ಯಾಲೆ ಮ್ಯಾಲೆ ಏರಾಕತ್ತೈತಿ. ಉಕ್ಕಿ ಒಲಿ ಪಾಲು ಆಗೂದಕಿಂತ ಹಾಳಿ ಪಾಲು ಆಗಲಿ ಅಂತ ಬರಿಯಾಕ ಕುಂತೇನಿ. ಈಕಿ ಸುದ್ದಿ ಹೇಳಬೇಕಂದ್ರ ಆತನ ಸುದ್ದಿ ಹೇಳಬೇಕು. ಆತನ್ನ ಬಿಟ್ಟು ಈಕಿ ತೊಟ್ಟಿಲಕ್ಕ ಬಿದ್ದಿಲ್ಲ.

ಆತಂದು ಒಂದು ಹಳೇ ಬಿಳಿ ಪಿಕಪ್ ಗಾಡಿ ಇತ್ತು. ನಮ್ಮ ಎಲಿಬಳ್ಳಿ ತ್ವಾಟದಾಗ ನಾವು ಹೆಣ್ಣಮಕ್ಕಳು ಎಲಿ ಕೊಯ್ದು, ಕಟ್ಟು ಕಟ್ಟಿ, ಬುಟ್ಟಿಗೆ ಹಾಕಿ ಹಸಿ ಅರಿವಿ ಮುಚ್ಚೂದ್ರಾಗ ಗಾಡಿ ಬದುವಿನ ಹತ್ತರ ಬಂದು ನಿಂತಿರತಿತ್ತು. ಯಾ ಊರಾಗ ಸಂತಿ ಐತೋ ಆ ಊರಿಗೆ ಎಲಿ ಮುಟ್ಟಿಸೂದು ಆತನ ಕೆಲಸ. ಎಷ್ಟೊತ್ತಿಗೆ ಮುಟ್ಟತೀಯಪಾ ಅಂತ ಕೇಳಿದ್ರ ಗಡಿಯಾರದ ಮಾತು ಬಾಯಾಗ ಬರತಿರಲಿಲ್ಲ. “ಎಲಿ ಬಾಡೂಕಿಂತ ಮೊದಲ” ಅಂತಿದ್ದ. ಎಲಿ ಒಯ್ಯಲಿ, ರಿಪೇರಿಗೆ ಮೋಟಾರ್ ಒಯ್ಯಲಿ, ಮದುವಿ ಮಂದಿನ ಒಯ್ಯಲಿ, ಅದ ಮಾತು. ಒಮ್ಮೆ ನಮ್ಮ ಓಣ್ಯಾಗಿನ ಮಾಸ್ತರು ಹುಬ್ಬಳ್ಳಿಗೆ ಹೋಗಿ ರೈಲು ಹಿಡಿಬೇಕಂತ ಈ ಗಾಡಿ ಹತ್ತಿದ್ರು. ರೈಲಿನ ಹೊತ್ತು ಹೇಳಿದ್ರ ಈತ ಎಲಿ ಬಾಡೂ ಮಾತು ಹೇಳ್ಯಾನ. ಮಾಸ್ತರು ಹೆದರಿ ಇಳದು ಬಸ್ಸಿಗೆ ಹೋದ್ರು. ಬಸ್ಸು ದಾರ್ಯಾಗ ಪಂಕ್ಚರ್ ಆತು, ರೈಲು ಹೋತು. ಈತನ ಗಾಡಿ ಮಾತ್ರ ಖಾಲಿನ ಹೋಗಿ ಹೊತ್ತಿಗೆ ಸರಿಯಾಗಿ ಮುಟ್ಟಿತ್ತು.

ಇಷ್ಟು ವರ್ಷದಾಗ ಆತನ ಗಾಡಿಯೊಳಗ ಒಂದು ಕಟ್ಟು ಎಲಿ ಬಾಡಿದ್ದು ನಾ ಕಂಡಿಲ್ಲ. ಅದರಾಗ ಆತನ ಮಾನ ಇತ್ತು.

ದೂರ ಅಳಿಯೂದೂ ಹಂಗ, ಚಹಾದ ಮ್ಯಾಲೆ. ಶಿಗ್ಗಾವಿ ಅಂದ್ರ ಒಂದು ಚಹಾ, ಹಾನಗಲ್ಲ ಅಂದ್ರ ಎರಡು, ಹಿರೇಕೆರೂರ ಅಂದ್ರ ಮೂರು ಚಹಾ ಮತ್ತ ಒಂದು ಮುಷ್ಟಿ ಕುರುಕುರು ಸವಣೂರ ಖಾರಾ. ಖಾರಾದ ಪುಡಿಕಿ ಯಾವಾಗಲೂ ಸ್ಟೇರಿಂಗಿನ ಮುಂದ ಇರತಿತ್ತು. ಒಬ್ಬನ ತಿಂದದ್ದು ಇಲ್ಲ, ಪೋಲೀಸರಿಗೂ ಕೊಡಾಂವ. ಗಾಡಿಗೆ ಆವರೇಜ್ ಅಂತ ಇರತೈತಲ್ಲ, ಒಂದು ಲೀಟರ್ ಡೀಸೆಲ್ಲಿಗೆ ಎಷ್ಟು ದೂರ ಓಡತೈತಿ ಅನ್ನೂದು, ಅದನ್ನ ಆತ ಮನಷ್ಯಾರಿಗೂ ಹಚ್ಚತಿದ್ದ. ಒಂದು ಚಹಾಕ್ಕ ಮನಷ್ಯಾ ಎಷ್ಟು ದೂರ ಹೋಗತಾನ ಅನ್ನೂದು ಆ ಮನಷ್ಯಾನ ಆವರೇಜ್. ಎಲಿ ಕಟ್ಟೂ ನನ್ನ ಆವರೇಜ್ ಭಾಳ ಚಲೋ ಐತಿ ಅಂತ ಊರೆಲ್ಲಾ ಹೇಳಿದ್ದ. ಒಂದು ಚಹಾ ಕುಡದ್ರ ಮಧ್ಯಾಹ್ನದ ತನಕ ಎಲಿ ಕಟ್ಟತೇನಂತ. ನಮ್ಮ ಯಜಮಾನರದು ಒಂದು ಚಹಾಕ್ಕ ಮನಿಯಿಂದ ಹರಟಿ ಕಟ್ಟಿ ತನಕ ಅಷ್ಟ, ತಿರುಗಿ ಬರಾಕ ಮತ್ತೊಂದು ಹಾಕಬೇಕು. ಯಜಮಾನರು ಇದನ್ನ ಕೇಳಿ ಸಿಟ್ಟಾಗಲಿಲ್ಲ, ಮತ್ತೊಂದು ಚಹಾ ತರಿಸಿದ್ರು.

ಆತ ಗಿಡ್ಡ ಮನಷ್ಯಾ. ಗಿಡ್ಡ ಅಂದ್ರ ಸಣ್ಣ ಮಾತಾಗತೈತಿ. ಸ್ಟೇರಿಂಗ್ ಹಿಂದ ಕುಂತ್ರ ಎದುರಿನವರಿಗೆ ಗಾಡಿ ತಾನ ಓಡಾಕತ್ತೈತಿ ಅನ್ನಿಸಬೇಕು, ಅಷ್ಟು ಗಿಡ್ಡ. ಕುಂಡಿ ಕೆಳಗ ಮಡಚಿದ ಕೌದಿ ಹಾಕ್ಕೊಂಡು ಕುಂಡರಾಂವ. ಕಬ್ಬಿನ ಟ್ರ್ಯಾಕ್ಟರ್ ಮುಂದ ಸಿಕ್ಕರಂತೂ ಹಾನಗಲ್ಲ ಮುಟ್ಟೂ ತನಕ ಕಬ್ಬಿನ ತುದಿ ಬಿಟ್ಟು ಬ್ಯಾರೆ ಏನೂ ಕಾಣತಿರಲಿಲ್ಲ. ಒಮ್ಮೆ ನನ್ನ ಮುಂದ ಮನಸ್ಸು ಬಿಚ್ಚಿ ಹೇಳಿದ್ದ.

“ಜೀವಮಾನ ಪೂರಾ ಮಂದಿ ಬೆನ್ನ ನೋಡಕೋತ ಬಂದೇನ್ರಿ ಅಕ್ಕಾರ. ಈ ಗಾಡಿ ಕೆಲಸ ಬಿಡೂಕಿಂತ ಮೊದಲ ಒಂದ ಸಲ ಮಂದಿ ನೆತ್ತಿ ನೋಡಬೇಕು.”

ನಾ ನಕ್ಕಿದ್ದೆ. ಆತ ನಕ್ಕಿರಲಿಲ್ಲ. ಅವಾಗರ ನನಗ ತಿಳೀಬೇಕಾಗಿತ್ತು.

ಈಗ ನನ್ನ ಮಗಳ ಮಾತಿಗೆ ಬರತೇನಿ. ಆಕಿನ್ನ ಹಂಸಭಾವಿಗೆ ಕೊಟ್ಟೇನಿ. ಮದುವಿ ಆಗಿ ಭಾಳ ವರ್ಷ ಮಕ್ಕಳಾಗಲಿಲ್ಲ. ಎಷ್ಟು ಹರಕಿ, ಎಷ್ಟು ದವಾಖಾನಿ, ಯಾರ ಯಾರ ಮಾತು, ಅದನ್ನೆಲ್ಲಾ ಬರದು ಈ ಪಾಯಸಕ್ಕ ಉಪ್ಪು ಹಾಕಂಗಿಲ್ಲ. ಕಡೀಕ ದೈವ ಕಣ್ಣ ತೆರೀತು. ಡಾಕ್ಟರು ಅಡ್ಡಾಡಬ್ಯಾಡ ಅಂದಿದ್ದಕ್ಕ ಹೆರಿಗಿ ತವರಮನಿ ಬಿಟ್ಟು ಗಂಡನ ಮನಿ ಕಡೆನ ಆತು. ಹೆಣ್ಣು ಕೂಸು. ಸುದ್ದಿ ಬಂದ ದಿನ ನಾ ಎಲಿ ಕಟ್ಟು ಕಟ್ಟೂದು ಬಿಟ್ಟು ಕಟ್ಟಿದ್ದನ್ನ ಬಿಚ್ಚಾಕತ್ತಿದ್ನಂತ. ಬಾಜೂಕ ಕುಂತ ಹೆಣ್ಣಮಕ್ಕಳು ಈಗೂ ಆಡಿಕೋತಾರ.

ಹೆಸರಿಡೂ ದಿನ ಗೊತ್ತಾತು. ಮಗಳು ಫೋನ್ ಮಾಡಿ ಒಂದ ಮಾತು ಕೇಳಿದ್ಲು. “ಯವ್ವಾ, ನಾ ಆಡಿದ ತೊಟ್ಟಿಲದಾಗನ ಆಕಿನ್ನ ಹಾಕಬೇಕು. ದೀಪ ಹಚ್ಚೂದ್ರಾಗ ತಂದು ಮುಟ್ಟಸು.” ಸಂಜಿ ದೀಪ ಹಚ್ಚೂ ಹೊತ್ತಿಗೆ ಕೂಸಿನ್ನ ತೊಟ್ಟಿಲಕ್ಕ ಹಾಕೂದು, ಅದು ತಪ್ಪಬಾರದು.

ಅಟ್ಟದ ಮ್ಯಾಲಿನ ತೊಟ್ಟಿಲು ಇಳಿಸಿ, ಎಣ್ಣಿ ಹಚ್ಚಿ ಒರಸಿದೆ. ಬಣ್ಣದ ತೊಟ್ಟಿಲು, ನಾಕೂ ಮೂಲಿಗೆ ಗಿಳಿ. ಒಂದು ಗಿಳಿಯ ಚುಂಚು ನನ್ನ ಮಗಳು ಹಲ್ಲು ಬರೂ ಮುಂದ ಕಡದು ಮೊಂಡ ಮಾಡ್ಯಾಳ. ಅದು ಕಟಗಿ ಚೌಕಟ್ಟಿನ್ಯಾಗ ನಾಕು ಸರಪಳಿ ಮ್ಯಾಲೆ ತೂಗತೈತಿ. ಸರಪಳಿಯ ಕೊಂಡಿ ಜಂಗು ಹಿಡದು ಬಿಚ್ಚಾಕ ಬರಲಿಲ್ಲ. ಹಂಗಿದ್ರ ಚೌಕಟ್ಟು ಸುದ್ದಾ ಒಯ್ಯೂದು ಅಂತ ಆತು. ಆತಗ ಹೇಳಿ ಕಳಿಸಿದೆ. ನಾಳೆ ಮಧ್ಯಾಹ್ನ ಬಿಡೂಣು, ಎಲಿ ಬಾಡೂಕಿಂತ ಮೊದಲ ಹಂಸಭಾವಿ ಅಂತ ಉತ್ತರ ಬಂತು.

ಮರುದಿನ ಗಾಡಿ ಬಂದು ಮನಿ ಮುಂದ ನಿಂತಾಗ ನನಗ ಕಂಡದ್ದು ಬರೇ ಗಾಲಿ. ನಮ್ಮೂರ ದೊಡ್ಡಹುಣಸಿ ಗಿಡದ ಬೊಡ್ಡಿ ಕೊಯ್ದು ತಂದು ಹಚ್ಚ್ಯಾರೇನು ಅನ್ನಬೇಕು, ಅಂಥಾ ಟೈರು. ಗಾಲಿ ಮ್ಯಾಲಿನ ಸ್ಪ್ರಿಂಗ್ ಪಾಟಾದ ಕೆಳಗ ಕಬ್ಬಿಣದ ದಿಮ್ಮಿ ಕೊಟ್ಟು ಗಾಡಿ ಮೈನೂ ಎತ್ತಿಸಿದ್ದ. ಓಣಿ ಮಂದಿ ಎಲ್ಲಾ ಹೊರಗ ಬಂದು ನಿಂತ್ರು. ಗಾಡಿ ಧೋತರ ಎತ್ತಿ ಕಟ್ಟಿ ಹಳ್ಳ ದಾಟಾಕ ನಿಂತಂಗ ಕಾಣತೈತಿ ಅಂದ್ರು ನಮ್ಮ ಯಜಮಾನರು.

ಮ್ಯಾಲಿಂದ ಮೊದಲು ಒಂದು ಕೆಂಪು ಪ್ಲಾಸ್ಟಿಕ್ ಸ್ಟೂಲು ಇಳೀತು, ಅದಕ್ಕ ಹಗ್ಗ. ಆಮ್ಯಾಲೆ ಅದರ ಮ್ಯಾಲೆ ಆತ ಇಳದ. ಗಾಡಿ ಎತ್ತರ ಆದ ಮ್ಯಾಲೆ ಆತಗ ಹತ್ತಾಕ ಬರತಿರಲಿಲ್ಲ. ಸ್ಟೂಲ್ ಹಚ್ಚಿ ಹತ್ತೂದು, ಹತ್ತಿ ಕುಂತು ಹಗ್ಗ ಜಗ್ಗಿ ಬಾವಿಯಿಂದ ಕೊಡ ಸೇದಿದಂಗ ಸ್ಟೂಲ್ ಮ್ಯಾಲೆ ತಗೊಳ್ಳೂದು, ಬಾಗಲಾ ಹಾಕೂದು. ಇಷ್ಟೆಲ್ಲಾ ಮುಖದ ಮ್ಯಾಲೆ ಒಂದು ನಗಿ ಇಲ್ಲದ, ಪೂಜಾರಿ ಆರತಿ ಮಾಡಿದಂಗ ಮಾಡತಿದ್ದ. ಇನ್ನ ನಿನ್ನ ಬುತ್ತಿ ಬಿದರ ಗಳಕ್ಕ ಕಟ್ಟಿ ಕೊಡಬೇಕೇನು ಅಂತ ಆತನ ಹೆಂಡತಿ ಕೇಳಿದ್ಲಂತ. ಆತ ಅದಕ್ಕೂ ತಯಾರ ಇದ್ದ.

ನಾನೂ ಸ್ಟೂಲ್ ಹತ್ತಿದೆ. ಮನಿ ಕಾಯಾಕ ಉಳದ ಯಜಮಾನರು ಹಿಂದಿಂದ ನೂಕಿದ್ರು, ಆತ ಮ್ಯಾಲಿಂದ ಜಗ್ಗಿದ. ಕುಂತು ಕೆಳಗ ನೋಡತೇನಿ, ನಮ್ಮ ಯಜಮಾನರ ನೆತ್ತಿ ಬೋಳಾಗೇತಿ. ಯಾವಾಗಲೂ ಟೊಪಿಗಿ ಹಾಕ್ಕೊಳ್ಳಾರು, ಆವತ್ತು ಗಡಿಬಿಡ್ಯಾಗ ಮರತಿದ್ರು. ಇಷ್ಟು ವರ್ಷ ಸಂಸಾರ ಮಾಡಿ ಗೊತ್ತಾಗದ್ದು ಆತನ ಗಾಡಿ ಹತ್ತಿದ ಗಳಿಗ್ಯಾಗ ಗೊತ್ತಾತು. ಕಂಡಿತಲ್ಲ ಅಂತ ಆತ ನನ್ನ ಕಡೆ ನೋಡಿದ. ಕಂಡಿತು ಅಂದೆ. ಇಬ್ಬರೂ ಮುಂದ ನೋಡಿಕೋತ ಹೊಂಟಿವಿ, ಬಾಯಿ ಮುಚ್ಚಿಕೊಂಡು, ನಗಿ ಮೂಗಿನ್ಯಾಗ.

ಹಿಂದ ತೊಟ್ಟಿಲು, ಅದರ ಬಾಜೂಕ ಹೆಸರಿಡೂ ಕಾರ್ಯಕ್ಕಂತ ಒಂದು ಬುಟ್ಟಿ ಎಲಿ.

ಸವಣೂರ ದಾಟೂದ್ರಾಗ ಆತ ತನ್ನ ಶಾಸ್ತ್ರ ಹೇಳಾಕ ಸುರು ಮಾಡಿದ. ಎತ್ತರ ಮನಷ್ಯಾ ನಡದ್ರ ಹೆಜ್ಜಿ ಕಮ್ಮಿ ಬೀಳತಾವ. ದೊಡ್ಡ ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗತೈತಿ. ಸುತ್ತು ಕಮ್ಮಿ ಆದ್ರ ಡೀಸೆಲ್ ಕಮ್ಮಿ. ಅಂದ ಮ್ಯಾಲೆ ಆವರೇಜ್ ಏರಲೇಬೇಕು. ಎರಡು ದಿನದ ಹಿಂದ ಗಾಡಿ ಎತ್ತಿಸ್ಯಾನ, ಊರಾಗ ನಾಕು ಸುತ್ತು ಹಾಕಿದ್ದು ಬಿಟ್ರ ಇದ ಮೊದಲನೇ ದೂರದ ಹಾದಿ, ಇವತ್ತು ಲೆಕ್ಕ ತಿಳೀತೈತಿ ಅಂದ.

“ಎತ್ತರ ಮನಷ್ಯಾ ರೊಟ್ಟಿ ಎಷ್ಟು ತಿಂತಾನ ಅನ್ನೂದು ಬಡಿಯಾಕಿನ್ನ ಕೇಳು ತಮ್ಮಾ” ಅಂದೆ ನಾನು.

ಬಂಕಾಪುರದ ಕಡೆ ದಿನ್ನಿ ಬಂತು. ಯಾವಾಗಲೂ ಹಾಡಕೋತ ಹತ್ತೂ ಗಾಡಿ ತೇಕಾಕ ಹತ್ತಿತು. ಆತ ಗೇರ್ ಇಳಿಸಿದ, ಮತ್ತ ಇಳಿಸಿದ. ಬಯಲಿಗೆ ಬಂದ ಮ್ಯಾಲೆ ಶ್ರಾವಣದ ಗಾಳಿ ಗಾಡಿಯ ಹೊಟ್ಟಿ ಕೆಳಗ ಹೊಕ್ಕು ಸಿಳ್ಳಿ ಹೊಡ್ಯಾಕತ್ತಿತು. ಮೊದಲು ನೆಲಕ್ಕ ಅಂಟಿ ಓಡತಿತ್ತು, ಗಾಳಿ ತಲಿ ಮ್ಯಾಲಿಂದ ಹೋಗತಿತ್ತು. ಈಗ ಬಿಚ್ಚಿದ ಛತ್ರಿ ಹಿಡಕೊಂಡು ಗಾಳಿಗೆ ಎದುರು ನಡದಂಗ ಆಗಿತ್ತು. ಆತ ಖಾರಾ ತಿನ್ನೂದು ಹೆಚ್ಚು ಮಾಡಿದ. ಚಿಂತಿ ಆದ್ರ ಹಂಗ ಆತ.

ರಸ್ತಾದ ಬಾಜೂಕ ಎರಿ ಹೊಲದಾಗ ಹೆಣ್ಣಮಕ್ಕಳು ಹುಲ್ಲಿನ ಹೊರಿ ಹೊತಗೊಂಡು ಬರಾಕತ್ತಿದ್ರು. ಮಳಿಗೆ ನೆನದ ಕರೀ ಎರಿ ಮಣ್ಣು ಕಾಲಿಗೆ ಮೆತ್ತಿ ಒಬ್ಬೊಬ್ಬರ ಪಾದ ಬೀಸೂಕಲ್ಲಿನಷ್ಟು ದಪ್ಪ ಆಗಿದ್ದವು. ಆತಗ ಅದನ್ನ ತೋರಿಸಿ ಹೇಳಿದೆ. “ತಲಿ ಮ್ಯಾಲಿನ ಹೊರಿ ಒಮ್ಮೆ ಎತ್ತಿದ್ರ ಆತು. ಕಾಲಿಗೆ ಮೆತ್ತಿದ್ದನ್ನ ಹೆಜ್ಜಿ ಹೆಜ್ಜಿಗೂ ಎತ್ತಬೇಕು. ಇಂಥಾ ದಪ್ಪ ಗಾಲಿ ಹಾಕಿ ನಿನ್ನ ಗಾಡಿಗೆ ಎರಿ ಮೆತ್ತೈತಪಾ.” ಆತ ಮತ್ತೊಂದು ಚಿಮಟಿಗಿ ಖಾರಾ ಬಾಯಿಗೆ ಹಾಕಿಕೊಂಡ. ಆಮ್ಯಾಲೆ ತನ್ನಷ್ಟಕ್ಕ ಎರಿ, ಎರಿ ಅಂತ ಎರಡು ಸಲ ಅಂದ, ಕಿವಿಯೊಳಗ ಇರುವಿ ಹೊಕ್ಕವರಂಗ.

ಅಷ್ಟರಾಗ ನಾ ಹಿಂದಿನ ಗಾಜಿನ್ಯಾಗ ನೋಡಿದೆ.

ಗಾಡಿ ಎತ್ತರ ಆಗಿ ಒಂಟಿ ನಡದಂಗ ಆ ಕಡೆ ಈ ಕಡೆ ಹೊಯ್ದಾಡತಿತ್ತು. ಅದರ ಸಂಗಡ ಹಿಂದ ತೊಟ್ಟಿಲು ತೂಗಾಕತ್ತಿತ್ತು. ಖಾಲಿ ತೊಟ್ಟಿಲು. ನಮ್ಮ ಕಡೆ ಖಾಲಿ ತೊಟ್ಟಿಲು ತೂಗಬಾರದು. ಹೆಸರಿಡೂ ಮುಂದೂ ಕೂಸಿನ್ನ ಹಾಕೂಕಿಂತ ಮೊದಲ ಗುಂಡಕಲ್ಲು ತೊಳದು ಕೂಸಿನ ಕುಂಚಗಿ ಹೊಚ್ಚಿ ಹಾಕತೇವಿ, ಬರೇ ತೊಟ್ಟಿಲಕ್ಕ ಯಾರೂ ಕೈ ಹಚ್ಚಂಗಿಲ್ಲ. ಇಷ್ಟು ವರ್ಷ ನನ್ನ ಮಗಳ ಮನ್ಯಾಗ ತೂಗೂದು ಏನೂ ಇರಲಿಲ್ಲ. ಈಗ ದೇವರು ಕೊಟ್ಟ ಮ್ಯಾಲೆ ನಾನ ಖಾಲಿ ತೊಟ್ಟಿಲು ತೂಗಿಸಿಕೋತ ಹೊಂಟೇನಿ. ನಿಲ್ಲಸು ಅಂದೆ.

ಆತ ನಿಲ್ಲಿಸಿದ. ನಗಲಿಲ್ಲ, ಇದೆಲ್ಲಾ ಸುಳ್ಳ ಅನ್ನಲೂ ಇಲ್ಲ. ಸ್ಟೂಲ್ ಇಳಿಸಿ, ಇಳದು, ಹಿಂದಕ್ಕ ಒಯ್ದು, ಹತ್ತಿ, ಹಗ್ಗ ತಗೊಂಡು ತೊಟ್ಟಿಲು ಕಟ್ಟಾಕ ನೋಡಿದ. ಕಟ್ಟಿದ್ರೂ ಅಳ್ಳಾಡತಿತ್ತು. ಒಂದು ಗಳಿಗಿ ನಿಂತು ಯೋಚನಿ ಮಾಡಿದ. ಬುಟ್ಟಿಯ ಅರಿವಿ ಸರಿಸಿ ಎಲಿ ಕಟ್ಟು ತಗದ. ಹೆಗಲ ಮ್ಯಾಲಿನ ಒಗದ ಟುವಾಲು ಬಿಚ್ಚಿ, ಎಲಿ ಅದರಾಗ ಸುತ್ತಿದ. ಬಾಣಂತಿ ಕೂಸಿನ್ನ ಸುತ್ತತಾಳಲ್ಲ, ತಲಿ ಕಡೆ ಒಂದು ಮಡಿಕಿ, ಕಾಲ ಕಡೆ ಒಂದು ಮಡಿಕಿ, ಹಂಗ. ನಾಕು ಹೆಣ್ಣಮಕ್ಕಳ ಅಪ್ಪ ಆತ, ಕೈಗೆ ಮರತಿರಲಿಲ್ಲ. ತೊಟ್ಟಿಲದಾಗ ಮಲಗಿಸಿ ನನ್ನ ಕಡೆ ತಿರುಗಿದ.

“ಇನ್ನ ಇದು ಖಾಲಿ ಅಲ್ರಿ ಅಕ್ಕಾರ. ಸವಣೂರ ಎಲಿ ಮಲಗೇತಿ. ತೂಗಲಿ ಬಿಡ್ರಿ. ಇದು ಹಸರ ಇರೂದ್ರಾಗ ನಿಮ್ಮ ಮೊಮ್ಮಗಳ ಹತ್ತರ ಒಯ್ದು ಬಿಡತೇನಿ.”

ಎಲಿ ಅಂದ್ರ ನಮಗ ಲಕ್ಷ್ಮಿ, ಎಲಿ ಇಲ್ಲದ ಯಾ ಶುಭ ಕಾರ್ಯ ಐತಿ. ಎದ್ಯಾಗಿನ ಕಲ್ಲು ಇಳದು ಹೋತು. ಅಲ್ಲಿಂದ ಆತ ಗಾಡಿ ಓಡಿಸಿದ್ದು ನೋಡಬೇಕಾಗಿತ್ತು. ತಗ್ಗು ಕಂಡ್ರ ಗಾಡಿನ ಕೈಹಿಡದು ಇಳಿಸಿದಂಗ, ಎರಡನೇ ಗೇರಿನ್ಯಾಗ, ಹಿಂದ ಬಂದವರೆಲ್ಲಾ ಹಾರ್ನ್ ಹೊಡದು ಬೈದು ಮುಂದ ಹೋದ್ರು. ಹೋಗೂ ಮುಂದ ಆತ ಒಬ್ಬೊಬ್ಬರ ನೆತ್ತಿ ನೋಡಿ ನನಗ ವರದಿ ಒಪ್ಪಿಸತಿದ್ದ. ಈತಗ ಎರಡು ಸುಳಿ ಅದಾವ, ಇಬ್ಬರು ಹೆಂಡ್ರು ಆಗತಾರ. ಈ ಸಾಹೇಬ್ರು ಬಣ್ಣ ಹಚ್ಚತಾರ, ಬುಡಕ್ಕ ಬೆಳ್ಳಗೈತಿ. ನಾ ಹೊಟ್ಟಿ ಹಿಡಕೊಂಡು ನಗತಿದ್ದೆ.

ಹಾನಗಲ್ಲ ದಾಟಿ ಅಕ್ಕಿಆಲೂರಿಗೆ ಬಂದ್ರ ಮುಂದಿನ ರಸ್ತಾ ಅಗದು ಒಗದಿದ್ರು. ಚಹಾದ ಅಂಗಡಿ ಮನಷ್ಯಾ ಹೊಲದ ಹಾದಿ ಹಿಡದು ಹೋಗ್ರಿ ಅಂದ. ಆ ಹಾದಿಲೆ ಹಂಸಭಾವಿ ಇಲ್ಲಿಂದ ಎಷ್ಟು ಕಿಲೋಮೀಟರ್ ಅಂತ ಲೆಕ್ಕಾನೂ ಹೇಳಿದ. ಆತ ಮೀಟರ್ ನೋಡಿ, ಡೀಸೆಲ್ ಸಾಕಾಗತೈತಿ ಅಂದ. ಇಲ್ಲೊಂದು ಮಾತು ಹೇಳಬೇಕು. ಆತನ ಗಾಡ್ಯಾಗ ಡೀಸೆಲ್ ಎಷ್ಟೈತಿ ತೋರಸೂ ಮುಳ್ಳು ಎಂದೋ ಸತ್ತಿತ್ತು. ಆತ ಅದನ್ನ ರಿಪೇರಿ ಮಾಡಿಸಿರಲಿಲ್ಲ, ಬೇಕೂ ಆಗಿರಲಿಲ್ಲ. ಕಿಲೋಮೀಟರಿನ ಮೀಟರ್ ನೋಡಿ, ಇಷ್ಟು ದೂರ ಓಡೇತಿ ಅಂದ್ರ ಇಷ್ಟು ಕುಡದೈತಿ ಅಂತ ಬಾಯಿಲೆಕ್ಕ ಹಿಡಿತಿದ್ದ. ಒಂದು ಸಲಾನೂ ತಪ್ಪಿರಲಿಲ್ಲ.

ಹೊಲದ ಹಾದಿಗೆ ಎರಡೂ ಕಡೆ ಗೋವಿನಜೋಳ ಆಳೆತ್ತರ ಬೆಳದು ನಿಂತಿತ್ತು. ಊರಿಲ್ಲ, ಕೇರಿಲ್ಲ, ಕಲ್ಲಿಲ್ಲ, ಬೋರ್ಡಿಲ್ಲ. ಹೊತ್ತು ಇಳಿಯಾಕ ಬಂದಿತ್ತು. ಒಂದು ತಿರುವಿನ್ಯಾಗ ಗಾಡಿ ಕೆಮ್ಮಿತು, ಸೀನಿತು, ನಿಂತು ಬಿಟ್ಟಿತು. ಆತ ಕೀಲಿ ತಿರುವಿದ, ಇಳದು ಡೀಸೆಲ್ ಟಾಕಿಯ ಮುಚ್ಚಳಾ ತಗದು ಮೂಸಿದ, ಕಿವಿ ಹಚ್ಚಿದ. ತಿರುಗಿ ಬಂದಾಗ ಮಾರಿ ನೋಡಾಕ ಆಗಲಿಲ್ಲ.

ಡೀಸೆಲ್ ತೀರಿತ್ತು. ಲೆಕ್ಕದ ಪ್ರಕಾರ ಇನ್ನೂ ಇರಬೇಕಾಗಿತ್ತು, ಇರಲಿಲ್ಲ. ಮೀಟರ್ ನೋಡಿದ್ರ ಹಂಸಭಾವಿ ಇನ್ನೂ ಒಂದು ಹರದಾರಿ ಮ್ಯಾಲೆ. ಹರದಾರಿ ಅಂದ್ರ ನನ್ನ ಕಾಲಿಗೆ ಒಂದು ತಾಸಿಗೂ ಹೆಚ್ಚಿನ ಹಾದಿ, ಅದೂ ಕೈ ಬೀಸಿ ನಡದ್ರ. ತೊಟ್ಟಿಲು ಹೊತ್ತು ದೀಪ ಹಚ್ಚೂದ್ರಾಗ ಮುಟ್ಟೂ ಮಾತು ಮುಗದಿತ್ತು. ಫೋನ್ ತಗದ್ರ ಒಂದು ಗೆರಿನೂ ಇಲ್ಲ. ಆತ ಸ್ಟೂಲ್ ಮ್ಯಾಲೆ ಕುಂತ, ರಸ್ತಾದ ನಡುವ.

“ಎಲಿ ಬಾಡಿಸಿದೆನ್ರಿ ಅಕ್ಕಾರ” ಅಂದ.

ಅಷ್ಟು ವರ್ಷದಾಗ ಆ ಮಾತು ಆತನ ಬಾಯಾಗ ಕೇಳಿದ್ದು ಅದ ಮೊದಲು. ನನಗ ನನ್ನ ಮಗಳು ಬಾಗಲದಾಗ ನಿಂತು ಹಾದಿ ನೋಡೂದು ಕಣ್ಣಿಗೆ ಕಟ್ಟಿತು. ಆದ್ರ ಈ ಮನಷ್ಯಾ ಹಿಂಗ ಕುಂತದ್ದು ಅದಕಿಂತ ಹೆಚ್ಚು ಸಂಕಟ ಆತು. ಏನರ ಹೇಳಬೇಕಲ್ಲ ಅಂತ ಬಾಯಿಗೆ ಬಂದದ್ದು ಹೇಳಿದೆ.

“ನೆತ್ತಿ ನೋಡಾಕಂತ ಎತ್ತರ ಮಾಡಿಸಿದಿ. ಮ್ಯಾಲೆ ಹತ್ತಿ ನೋಡರ ನೋಡಪಾ, ಜ್ವಾಳದ ನೆತ್ತಿ ಆದ್ರೂ ಕಾಣತೈತಿ.”

ಆತ ಎದ್ದ. ಸ್ಟೂಲ್ ಮ್ಯಾಲಿಂದ ಗಾಲಿ ಮ್ಯಾಲೆ, ಗಾಲಿ ಮ್ಯಾಲಿಂದ ಬಾನೆಟ್ ಮ್ಯಾಲೆ, ಅಲ್ಲಿಂದ ಮುಂದಿನ ಕ್ಯಾಬಿನ್ನಿನ ನೆತ್ತಿ ಮ್ಯಾಲೆ ಹತ್ತಿದ. ಕಣ್ಣಿಗೆ ಕೈ ಅಡ್ಡ ಹಿಡದು ನಾಕೂ ದಿಕ್ಕ ನೋಡಿದ. ಒಂದು ಕಡೆ ನೋಡಿದಾಂವ ನೋಡಕೋತನ ನಿಂತ. ನಾ ಏನಾತು ಅಂತ ಕೇಳಿದೆ. ನಿಮ್ಮ ಅಳಿಯಂದ್ರ ಮನಿ ಮಾಳಿಗಿ ಮ್ಯಾಲೆ ಏನು ಬಣ್ಣದ ಶಾಮಿಯಾನಾ ಹಾಕತೇನಿ ಅಂದಿದ್ರು ಅಂತ ಕೇಳಿದ. ಕೆಂಪು ಹಳದಿ ಅಂದೆ. ಹಂಗಾದ್ರ ಅದು ಇಲ್ಲೇ ಐತಿ, ಜ್ವಾಳದ ಆಚಿ ಮಗ್ಗಲಾ, ಕೂಗಿದ್ರ ಕೇಳತೈತಿ ಅಂದ.

ಆಮ್ಯಾಲೆ ಆತಗ ಹೊಳೀತು. ಕ್ಯಾಬಿನ್ನಿನ ಮ್ಯಾಲೆ ನಿಂತಲ್ಲೇ ಎರಡೂ ಕೈ ತಲಿ ಮ್ಯಾಲೆ ಇಟ್ಟುಕೊಂಡ. “ಮೀಟರ್ ಸುಳ್ಳ ಹೇಳೇತ್ರಿ ಅಕ್ಕಾರ. ಅದು ಗಾಲಿ ಸುತ್ತು ಎಣಸತೈತಿ. ಗಾಲಿ ದೊಡ್ಡದಾತು, ಸುತ್ತು ಕಮ್ಮಿ ಆದವು. ನಾವು ಮೀಟರಿಗಿಂತ ಮುಂದ ಬಂದೇವಿ.” ಅಂದು ಅಲ್ಲೇ ಕುಣ್ಯಾಕ ಹತ್ತಿದ. ಗಾಡಿ ಒಂಟಿಯಂಗ ಹೊಯ್ದಾಡಿತು, ತೊಟ್ಟಿಲು ತೂಗಿತು, ಒಳಗ ಎಲಿ ಮಲಗಿತ್ತು, ನಾ ಹೆದರಲಿಲ್ಲ.

ಆಕಾಶದಾಗ ಒಬ್ಬ ಗಿಡ್ಡ ಮನಷ್ಯಾ ಕುಣಿಯೂದು ಕಂಡು ಕಳೆ ತಗಿಯಾಕತ್ತಿದ್ದ ಹೆಣ್ಣಮಕ್ಕಳು ಜ್ವಾಳದಾಗಿಂದ ಹೊರಗ ಬಂದ್ರು. ಹಂಸಭಾವಿಯವರ ಅವರು. ಒಬ್ಬಾಕಿ, ಇಂವ ಹಕ್ಕಿ ಹಾರಿಸೂ ಬೆದರಬೊಂಬಿ ಏನಬೇ, ಯಾರ ಹೊಲದ್ದು ಅಂತ ಕೇಳಿದ್ಲು. ಸುದ್ದಿ ಹೇಳಿದೆ. ಮಗಳ ಹೆಸರು ಹೇಳಿದ್ದ ತಡ, ಆಕಿ ಕೂಸಿನ ತೊಟ್ಟಿಲಾ ಅಂತ ಕುರ್ಚಗಿ ಸೆರಗಿನ್ಯಾಗ ಸಿಗಿಸಿ ಬಂದು ನಿಂತ್ರು. ಊರಾಗ ಎಲ್ಲಾರಿಗೂ ಗೊತ್ತಿತ್ತು, ಎಷ್ಟು ವರ್ಷದ ಹಾದಿ ಅದು ಅಂತ.

ನಾಕು ಮಂದಿ ಚೌಕಟ್ಟಿನ ನಾಕು ಮೂಲಿಗೆ ಹೆಗಲು ಕೊಟ್ರು. ಒಬ್ಬಾಕಿ, ಖಾಲಿ ತೊಟ್ಟಿಲು ತೂಗಬಾರದಬೇ ಅಂತ ಹಿಂದ ಸರದ್ಲು. ಎಲಿ ಐತಿ ಒಳಗ ಅಂದೆ. ಟುವಾಲು ಸರಿಸಿ ನೋಡಿ, ಗಲ್ಲಕ್ಕ ಕೈ ಹಚ್ಚಿ ನಕ್ಕು ಹೆಗಲು ಕೊಟ್ಲು. ಆಮ್ಯಾಲೆ ಒಬ್ಬಾಕಿ ಜೋಗುಳ ತಗದ್ಲು, ಉಳದವರು ಹಿಂದ ದನಿ ಕೂಡಿಸಿದ್ರು. ಎಲಿಗೆ ಜೋಗುಳ ಹಾಡಿಕೋತ, ಜ್ವಾಳದ ನಡುವಿನ ಬದುವಿನ್ಯಾಗ ಹಾದು ಹಂಸಭಾವಿಗೆ ಹೊಂಟಿವಿ. ಎಲ್ಲಾರಿಗಿಂತ ಮುಂದ ಆತ, ಕಂಕುಳದಾಗ ಕೆಂಪು ಸ್ಟೂಲು, ಕೈಯಾಗ ಖಾರಾದ ಪುಡಿಕಿ. ಎದುರು ಬಂದವರಿಗೆಲ್ಲಾ ಒಂದೊಂದು ಚಿಮಟಿಗಿ ಕೊಟ್ಟುಕೋತ ನಡದ, ಬೀಗರೊಳಗ ಹಿರೇ ಬೀಗರು ನಡದಂಗ.

ನನ್ನ ಮಗಳು ಬಾಗಲದಾಗ ನಿಂತಿದ್ಲು. ಒಳಗ ಆಕಿ ಅತ್ತಿ ದೀಪದ ಬತ್ತಿ ಹೊಸಿಯಾಕತ್ತಿದ್ದರು, ಇನ್ನೂ ಹಚ್ಚಿರಲಿಲ್ಲ.

ತೊಟ್ಟಿಲು ಇಳಿಸಿದ್ರು. ಅತ್ತಿ ಗುಂಡಕಲ್ಲು ತೊಳದು ತಂದ್ರು. ಬ್ಯಾಡ್ರಿ ಬೀಗತಿ, ಸವಣೂರಿಂದ ಎಲಿ ಮಲಗಿ ಬಂದೈತಿ, ಕಲ್ಲಿಗೆ ಇವತ್ತು ಸೂಟಿ ಅಂದೆ. ಆತ ಮುಂದ ಬಂದು ಟುವಾಲು ಬಿಚ್ಚಿದ. ನನ್ನ ಕಡೆ ನೋಡಲಿಲ್ಲ, ಮಗಳ ಕಡೆ ನೋಡಲಿಲ್ಲ, ಕೂಸಿನ ಕಡೆನೂ ನೋಡಲಿಲ್ಲ. ಒಂದು ಎಲಿ ತಗದು ಬೆರಳಿನ್ಯಾಗ ಮಡಚಿದ. ಪಟ್ಟ್ ಅಂತ ಮುರೀತು. ಬಾಡಿದ ಎಲಿ ಮುರಿಯಂಗಿಲ್ಲ, ಮಣಿತೈತಿ. ಆ ಸಪ್ಪಳಕ್ಕ ಆತನ ಮಾರಿ ಅರಳಿದ್ದು ನೋಡಿ ಯಾರೋ ಇವರು ಕೂಸಿನ ಅಜ್ಜಾರೇನು ಅಂತ ಕೇಳಿದ್ರು. ಎಲಿ ಎದ್ದ ಜಾಗಾದಾಗ ನನ್ನ ಮೊಮ್ಮಗಳು ಮಲಗಿದ್ಲು. ಸೋದರತ್ತಿ ಕಿವ್ಯಾಗ ಹೆಸರು ಹೇಳಿದ್ಲು. ದೀಪ ಹಚ್ಚಿದ್ರು.

ಊಟಕ್ಕ ಕುಂತಾಗ ಆತ ಹೋಳಿಗಿ ತಿನ್ನಲಿಲ್ಲ, ಬಾಜೂಕಿನವರಿಗೆ ಮೀಟರಿನ ಶಾಸ್ತ್ರ ಹೇಳಿಕೋತ ಕುಂತ. ಮುಂದ ಕೆಲವು ತಿಂಗಳು ಅದ ಧ್ಯಾಸ. ಕಡೀಕ ಒಂದು ದಿನ ಎಲಿ ಬುಟ್ಟಿ ಏರಿಸೂ ಮುಂದ ನನಗ ತೀರ್ಪು ಹೇಳಿದ. ಗಾಡಿ ಹೆಚ್ಚು ಕುಡಿಯೂದು ಖರೆ, ಎರಿ ಮೆತ್ತೈತಿ, ಗಾಳಿ ಹೊಕ್ಕೈತಿ. ಆದ್ರ ಮೀಟರ್ ತೋರಸೂವಷ್ಟು ಕೆಟ್ಟಿಲ್ಲ, ಓಡಿದ್ದನ್ನ ಅದು ಕಮ್ಮಿ ಹೇಳತೈತಿ. ಸ್ವಲ್ಪ ಖರೆ ಸ್ವಲ್ಪ ಸುಳ್ಳು, ಓಣಿ ಮಾತಿನಂಗ ಅಂದ. ಆ ಮ್ಯಾಲೆ ದಿಮ್ಮಿ ತಗಸಿ, ಹಳೇ ಟೈರ್ ಹಾಕಿಸಿ, ಗಾಡಿ ನೆಲಕ್ಕ ಇಳಿಸಿದ. ನೆತ್ತಿ ನೋಡಿದ್ದು ಸಾಕಾತು ಅಂದ. ಹೋದ ವರ್ಷ ಬೆನ್ನ ನೋವು ಅಂತ ಗಾಡಿನೂ ಮಾರಿ, ಶಿಗ್ಗಾವಿ ಕಡೆ ಮಗಳ ಊರಿಗೆ ಎಮ್ಮಿ ಕಟ್ಟಿಕೊಂಡು ಇರಾಕ ಹೋದ. ಹೋಗೂ ಮುಂದ ಕೆಂಪು ಸ್ಟೂಲು ನಮ್ಮ ಮನ್ಯಾಗ ಇಟ್ಟು, ಇಷ್ಟು ವರ್ಷ ಓಡಿಸಿ ಭಾಳ ದೂರೇನೂ ಬರಲಿಲ್ಲ ಅಕ್ಕಾರ ಅಂದಿದ್ದ. ಮೀಟರ್ ನೋಡಿ ಹೇಳಬ್ಯಾಡ ತಮ್ಮಾ ಅಂದಿದ್ದೆ. ನಗಕೋತ ಹೋಗಿದ್ದ.

ಈಗ ಆತನ ಬದಲಿಗೆ ಬರೂ ಗಾಡಿ ಚಲೋ ಐತಿ, ಡೀಸೆಲ್ ಮುಳ್ಳೂ ಜೀವಂತ ಐತಿ. ಎಷ್ಟೊತ್ತಿಗೆ ಅಂದ್ರ ಆ ಡ್ರೈವರ್ ಮೊಬೈಲ್ ನೋಡಿ ಹೇಳತಾನ.

ಮಗಳು ಪಂಚಮಿಗೆ ಬಂದಾಳ. ಮೊಮ್ಮಗಳಿಗೆ ಮನಿ ತುಂಬ ಆಟಿಗಿ ಅದಾವ, ಆಕಿಗೆ ಬೇಕಾದದ್ದು ಆ ಸ್ಟೂಲು. ಹಗ್ಗ ಹಿಡದು ದರದರ ಎಳಕೊಂಡು ಅಡ್ಡಾಡತಾಳ. ಇವತ್ತು ಮುಂಜಾನಿ ನಾ ಪಡಸಾಲ್ಯಾಗ ಕೆಳಗ ಕುಂತು ಎಲಿ ಕಟ್ಟಾಕತ್ತಿದ್ದೆ. ಹಿಂದ ಸ್ಟೂಲ್ ಎಳದ ಸಪ್ಪಳ ಆತು, ಆಮ್ಯಾಲೆ ಉಸಿರು ಬಿಗಿಹಿಡದ ಸಪ್ಪಳ. ತಿರುಗಲಿಲ್ಲ, ಹೆದರ್ಯಾಳು ಅಂತ. ನನ್ನ ಹೆಗಲು ಹಿಡದು, ಮೊಳಕಾಲು ಏರಿಸಿ, ಯಾರ ಸಹಾಯನೂ ಇಲ್ಲದ ಹತ್ತಿ ನಿಂತ್ಲು. ಮ್ಯಾಲಿಂದ ನನ್ನ ನೆತ್ತಿ ಮ್ಯಾಲೆ ಅಂಗೈ ಇಟ್ಟು ಪಟಪಟ ಬಡದ್ಲು. ಬಡದು ನಕ್ಕಳು ನೋಡ್ರಿ, ಹಾಲಹಲ್ಲು ತೋರಿಸಿ, ಇಡೀ ಊರಿನ ಬೆನ್ನ ನೋಡಿ ಸಾಕಾಗಿ ಈಗ ನೆತ್ತಿ ಕಂಡಾಕಿಯಂಗ.

ಕೈಯಾಗಿನ ಎಲಿ ಬಿಟ್ಟು ಶಿಗ್ಗಾವಿಗೆ ಫೋನ್ ಹಚ್ಚಿದೆ. ಆಕಿ ಹತ್ತಿದ್ಲು ಅಂದೆ. ಎಲ್ಲಿ ಅಂತ ಆತ ಕೇಳಲಿಲ್ಲ. ಏನು ಕುಡದು ಹತ್ತಿದ್ಲು ಅಂತ ಕೇಳಿದ.

ಅರ್ಧ ವಾಟಗಾ ಹಾಲು ಅಂದೆ.

ಆ ಕಡೆ ಎಮ್ಮಿ ಒದರಿತು. ಆತ ಸ್ವಲ್ಪ ಹೊತ್ತು ಲೆಕ್ಕ ಹಾಕಿದ.

“ಚಲೋ ಆವರೇಜ್ ಐತ್ರಿ ಅಕ್ಕಾರ” ಅಂದ.